ಗೆಳೆಯನಿಗೊಂದು ಪತ್ರ: ಹನ್ನೆರಡು ಟೇಪ್ ಲೂಪ್‌ಗಳ ಹಾಡು

ಪ್ರಿಯ ಮಂಜು,

'ಐ ಆಮ್ ನಾಟ್ ಇನ್ ಲವ್' ಹಾಡಿನ ತುಂಬ ಹಬ್ಬಿಕೊಂಡಿರುವ ಆ ದನಿ ಯಾವ ಕೀಬೋರ್ಡಿನದು ಅಂತ ಕೇಳಿದ್ದೀಯ. ಯಾವ ಕೀಬೋರ್ಡಿನದೂ ಅಲ್ಲ ಕಣೋ. ಮೂರು ಜನರ ಕಂಠ, ಕತ್ತರಿಸಿ ಅಂಟಿಸಿದ ಟೇಪು, ದನಿಗಳನ್ನು ಬೆರೆಸುವ ಒಂದು ಮಿಕ್ಸಿಂಗ್ ಡೆಸ್ಕು, ಇಷ್ಟೇ. ಅದನ್ನೇ ಕಂಪ್ಯೂಟರಿನಲ್ಲಿ ಮಾಡಲು ಹೊರಟಿದ್ದೀಯ ಅಂದಮೇಲೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬ್ಯಾಂಡು ಟೆನ್ ಸಿಸಿ. ಹಾಡು ಬರೆದವರು ಎರಿಕ್ ಸ್ಟೀವರ್ಟ್ ಮತ್ತು ಗ್ರಹಾಂ ಗೌಲ್ಡ್‌ಮನ್. ರೆಕಾರ್ಡ್ ಆದದ್ದು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ. ಆಗ ಸ್ಟೀವರ್ಟ್ ಆ ಸ್ಟುಡಿಯೋದ ಪಾಲುದಾರರಾಗಿದ್ದರು, ಎಂಜಿನಿಯರ್ ಕೂಡ ಅವರೇ. ಒಂದೇ ದನಿಯ ಬೆನ್ನು ಹತ್ತಿ ಮೂರು ವಾರ ಕೂರಲು ಇದರಿಂದಲೇ ಸಾಧ್ಯವಾಯಿತು ಅನ್ನುವುದು ನನ್ನ ನಂಬಿಕೆ. 'ನನ್ನನ್ನು ಪ್ರೀತಿಸುತ್ತೇನೆ ಅಂತ ಯಾಕೆ ಆಗಾಗ ಹೇಳುವುದಿಲ್ಲ' ಎಂಬ ಹೆಂಡತಿಯ ಪ್ರಶ್ನೆಯಿಂದ ಅವರಿಗೆ ಹಾಡು ಹೊಳೆಯಿತು. ಅದಕ್ಕೇ ಇಡೀ ಹಾಡು ಪ್ರೀತಿ ಇಲ್ಲ ಅನ್ನುತ್ತಲೇ ಸಿಕ್ಕಿಬೀಳುತ್ತದೆ. ನಿನ್ನ ಫೋಟೋ ಹಾಕಿರುವುದು ಗೋಡೆಯ ಕಲೆ ಮುಚ್ಚಲಿಕ್ಕೆ ಎಂಬ ನೆಪವನ್ನು ಯಾರು ನಂಬುತ್ತಾರೆ ಹೇಳು!

ಮೊದಲು ಇದನ್ನು ಬ್ರೆಜಿಲ್ಲಿನ ಬೊಸಾ ನೋವಾ ಲಯದಲ್ಲಿ ನುಡಿಸಿದ್ದರು. ಬ್ಯಾಂಡಿನ ಡ್ರಮ್ಮರ್ ಕೆವಿನ್ ಗಾಡ್ಲಿಗೆ ಒಂಚೂರೂ ಹಿಡಿಸಲಿಲ್ಲ. ಕೈಬಿಟ್ಟರು, ಟೇಪನ್ನೂ ಅಳಿಸಿದರು. ಆದರೆ ಸ್ಟುಡಿಯೋದ ಸಿಬ್ಬಂದಿ ಆ ರಾಗ ಗುನುಗುವುದನ್ನು ಬಿಡಲಿಲ್ಲ. ಹೀಗಾಗಿ ಹಾಡು ಮತ್ತೆ ಚರ್ಚೆಗೆ ಬಂತು. ಆಗ ವಾದ್ಯಗಳ ಬದಲು ದನಿಗಳಿಂದಲೇ ಕಟ್ಟೋಣ ಅಂದವರು ಅದೇ ಗಾಡ್ಲಿ.

ತೊಡಕು ಬಂದದ್ದು ಉಸಿರಿನದು. ನಿಮಿಷಗಟ್ಟಲೆ ಕಡಿಯದೆ 'ಆ...' ಅನ್ನಲು ಯಾರಿಂದಾಗುತ್ತದೆ? ಆ ಕಾಲದ ಮೆಲೊಟ್ರಾನ್ ಎಂಬ ಕೀಬೋರ್ಡ್ ವಾದ್ಯದಲ್ಲೂ ಕೀಲಿಗೊಂದು ಟೇಪಿನ ತುಂಡು ಇರುತ್ತಿತ್ತು, ಆದರೆ ಸುಮಾರು 8 ಸೆಕೆಂಡಿಗೆ ಅದು ಮುಗಿದುಹೋಗುತ್ತಿತ್ತು. ಟೇಪಿನ ಎರಡು ತುದಿ ಅಂಟಿಸಿ ಲೂಪ್ ಮಾಡಿದರೆ ಸ್ವರಕ್ಕೆ ಕೊನೆಯೇ ಇರುವುದಿಲ್ಲ ಅಂತ ಬ್ಯಾಂಡಿನ ನಾಲ್ಕನೆಯವರಾದ ಲಾಲ್ ಕ್ರೀಮ್ ದಾರಿ ತೋರಿಸಿದರು.

ಗೌಲ್ಡ್‌ಮನ್, ಗಾಡ್ಲಿ, ಕ್ರೀಮ್ ಮೂವರೂ ಒಟ್ಟಿಗೆ ಒಂದೇ ಸ್ವರವನ್ನು 16 ಸಲ ಹಾಡಿದರು. ಸ್ವರಕ್ಕೆ 48 ದನಿಯಾಯಿತು. ಹೀಗೆ ಒಂದು ಸ್ಥಾಯಿಯ ಹನ್ನೆರಡು ಸ್ವರಸ್ಥಾನಕ್ಕೂ ಬೇರೆ ಬೇರೆಯಾಗಿ ಹಾಡಿ, ಒಂದೊಂದನ್ನೂ ಲೂಪ್ ಮಾಡಿದರು. ಲೂಪಿನ ಉದ್ದ ಸುಮಾರು 12 ಅಡಿ. ಒಂದು ಕಡೆ ಅದು ರೆಕಾರ್ಡರಿನಲ್ಲಿ ಟೇಪಿನ ದನಿ ಓದುವ ಹೆಡ್‌ಗಳ ಮೇಲೆ ಹಾಯುತ್ತಿತ್ತು, ಇನ್ನೊಂದು ಕಡೆ ಮೈಕ್ ಸ್ಟ್ಯಾಂಡಿನ ತಲೆಗೆ ಬಿಗಿದ ರೋಲರನ್ನು ಸುತ್ತಿ ವಾಪಸಾಗುತ್ತಿತ್ತು. ಟೇಪು ಜೋಲದಂತೆ ಆ ಸ್ಟ್ಯಾಂಡನ್ನು ದೂರ ಸರಿಸಿ ಬಿಗಿ ಹಿಡಿಯಬೇಕು. ಅಷ್ಟುದ್ದ ಯಾಕೆಂದರೆ, ಅಂಟಿಸಿದ ಜಾಗ ಹೆಡ್ ದಾಟುವಾಗ 'ಟಕ್' ಅನ್ನುತ್ತದೆ. ಸೆಕೆಂಡಿಗೆ 15 ಇಂಚು ಓಡುವ ಟೇಪಿನಲ್ಲಿ 12 ಅಡಿಯ ಒಂದು ಸುತ್ತಿಗೆ 9.6 ಸೆಕೆಂಡು ಬೇಕು. ಲೂಪ್ ಉದ್ದವಾದಷ್ಟೂ ಆ ಸದ್ದು ವಿರಳ. ಹನ್ನೆರಡು ಲೂಪ್‌ಗಳ ಟಕ್‌ಗಳೂ ಒಂದೇ ಕ್ಷಣಕ್ಕೆ ಬೀಳದಿದ್ದರೆ ಉಳಿದ ದನಿಯಲ್ಲಿ ಮುಳುಗಿಹೋಗುತ್ತವೆ.

ಆಮೇಲೆ ಡೆಸ್ಕಿನಲ್ಲಿ ಸ್ವರಕ್ಕೊಂದು ಚಾನೆಲ್. ನಾಲ್ವರೂ ಫೇಡರ್‌ಗಳ (ದನಿ ಹೆಚ್ಚುಕಡಿಮೆ ಮಾಡುವ ಜಾರುಗುಂಡಿಗಳ) ಮೇಲೆ ಕೈಯಿಟ್ಟು, ಮೂರು ನಾಲ್ಕನ್ನು ಏರಿಸಿ ಇಳಿಸಿ ಕಾರ್ಡ್, ಅಂದರೆ ಒಟ್ಟಿಗೆ ಕೇಳುವ ಸ್ವರಗುಚ್ಛ, ನುಡಿಸಿದರು. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಸ್ಟೀವರ್ಟ್ ಫೇಡರ್‌ಗಳ ಬುಡಕ್ಕೆ ಅಡ್ಡಲಾಗಿ ಅಂಟಿಸಿದ ಪಟ್ಟಿ. ಅದರಿಂದ ಯಾವ ಸ್ವರವೂ ಪೂರ್ತಿ ಸೊನ್ನೆಗೆ ಇಳಿಯಲಿಲ್ಲ. ಹನ್ನೆರಡೂ ಸ್ವರ ಜೋರಾಗಿ ಒಟ್ಟಿಗೆ ಕೇಳಿದರೆ ಕರ್ಕಶ. ತೀರಾ ಮೆಲ್ಲಗೆ ಕೇಳಿದರೆ ಹಾಡಿನ ಹಿಂದೆ ಯಾರೋ ಉಸಿರಾಡುತ್ತಿರುವಂತೆ ಇರುತ್ತದೆ.

ಉಳಿದ ವಾದ್ಯ ಬಹಳ ಕಡಿಮೆ: ಸ್ಟೀವರ್ಟ್‌ರ ಫೆಂಡರ್ ರೋಡ್ಸ್ ಪಿಯಾನೋ, ಗೌಲ್ಡ್‌ಮನ್‌ರ ಗಿಟಾರು, ಮೂಗ್ ಸಿಂಥಸೈಜರಿನಲ್ಲಿ ಗಾಡ್ಲಿ ಹೊರಡಿಸಿದ ಎದೆಬಡಿತದಂಥ ಬಾಸ್ ಡ್ರಮ್. ನಡುವೆ ಪಿಸುಗುಡುವ ಹೆಣ್ಣುದನಿ ಸ್ಟುಡಿಯೋದ ರಿಸೆಪ್ಷನಿಸ್ಟ್‌ರದು. ಫೋನ್ ಬಂದಿದೆ ಅಂತ ಸ್ಟೀವರ್ಟ್‌ಗೆ ಮೆಲುದನಿಯಲ್ಲಿ ತಿಳಿಸಲು ಬಂದವರನ್ನು ಕ್ರೀಮ್ ಅಲ್ಲೇ ಹಿಡಿದರು.

1975ರಲ್ಲಿ ಸಿಂಗಲ್ ಆಗಿ ಬಂದಾಗ ಬ್ರಿಟನ್ನಿನಲ್ಲಿ ಎರಡು ವಾರ ಮೊದಲ ಸ್ಥಾನದಲ್ಲಿತ್ತು. ಅಮೆರಿಕದಲ್ಲಿ ಮೂರು ವಾರ ಎರಡನೆಯದು, ಮೂರೂ ವಾರ ಮೇಲೆ ಬೇರೆ ಬೇರೆ ಹಾಡು! ನೀನು ಕೇಳುವುದಾದರೆ ಆಲ್ಬಮಿನಲ್ಲಿರುವ 6 ನಿಮಿಷದ್ದನ್ನೇ ಕೇಳು. ರೇಡಿಯೋಗೆಂದು ಕತ್ತರಿಸಿದ್ದರಲ್ಲಿ ದನಿಗೆ ಹಬ್ಬಲು ಜಾಗವೇ ಇಲ್ಲ.

ಇನ್ನು ನಿನ್ನ ಕೆಲಸ. ಒಂದೇ ಸಲ ಹಾಡಿದ ಟೇಕನ್ನು 48 ಸಲ ಕಾಪಿ ಮಾಡಬೇಡ. ಅದೇ ತರಂಗ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಜೋರಾಗುತ್ತದೆಯೇ ಹೊರತು ಗುಂಪಿನ ದನಿಯಾಗುವುದಿಲ್ಲ. ಪ್ರತಿ ಸಲವೂ ಹೊಸದಾಗಿ ಹಾಡು. ಶ್ರುತಿಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಒಳ್ಳೆಯದೇ, ಶ್ರುತಿ ತಿದ್ದುವ ಆಟೋಟ್ಯೂನ್ ಹಾಕಿದರೆ ಅದೇ ಸತ್ತುಹೋಗುತ್ತದೆ. ಕಂಪನ ಬೇಡ, ನೇರ ಸ್ವರ ಇರಲಿ. ಸ್ವರ ಎತ್ತುವ ಮೊದಲ ಸೆಕೆಂಡು, ಉಸಿರು ಸೋಲುವ ಕೊನೆಯ ಸೆಕೆಂಡು ಎರಡನ್ನೂ ಕತ್ತರಿಸಿ ನಡುಭಾಗ ಮಾತ್ರ ಇಟ್ಟುಕೋ. ಲೂಪಿನ ಜೋಡಣೆಗೆ ಈಕ್ವಲ್ ಪವರ್ ಕ್ರಾಸ್‌ಫೇಡ್ ಹಾಕು, ಅಂದರೆ ಒಂದು ತುದಿ ಇಳಿಯುತ್ತಾ ಇನ್ನೊಂದು ಏರುವಾಗ ಒಟ್ಟು ಶಕ್ತಿ ಒಂದೇ ಇರಬೇಕು. ಲೀನಿಯರ್ (ಎರಡೂ ಸರಳರೇಖೆಯಲ್ಲಿ ಏರಿಳಿಯುವುದು) ಹಾಕಿದರೆ ಜೋಡಣೆಯ ನಟ್ಟನಡುವೆ ಸುಮಾರು 3 ಡೆಸಿಬೆಲ್ ಕುಸಿದು, ಸುತ್ತು ಸುತ್ತಿಗೂ ದನಿ ಜೋಲಿ ಹೊಡೆದಂತಾಗುತ್ತದೆ. ಒಂದೊಂದು ಲೂಪಿನ ಉದ್ದವೂ ಬೇರೆಯಿರಲಿ: 9, 9.7, 10.4 ಸೆಕೆಂಡು, ಹೀಗೆ. ಫೇಡರಿನ ಕನಿಷ್ಠ ಮಟ್ಟವನ್ನು ಮೈನಸ್ 30 ಡೆಸಿಬೆಲ್ ಆಸುಪಾಸಿನಿಂದ ಶುರುಮಾಡಿ ಕಿವಿಗೆ ತಕ್ಕಂತೆ ಇಳಿಸುತ್ತಾ ಹೋಗು.

ಹನ್ನೆರಡು ಸ್ವರಕ್ಕೂ ಈಗಲೇ ಕೈಹಾಕಬೇಡ. ಒಂದು ಕಾರ್ಡಿಗೆ ಬೇಕಾದ ಮೂರು ಸ್ವರ ಹಾಡಿ, ಲೂಪ್ ಮಾಡಿ ಕಳಿಸು. ಕೇಳಿ ಹೇಳುತ್ತೇನೆ.

ಇತಿ,
ನಿನ್ನ ಗೆಳೆಯ