ತಪ್ಪಿದ್ದರೆ ಟೈಪ್ ಮಾಡುವಾಗಲೇ ಹೇಳಲಿ

ಮಾನ್ಯ ಸಂಪಾದಕರೇ,

ನಮ್ಮೂರಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡು ಜನರ ಅರ್ಜಿ ತುಂಬಿಕೊಡುವ ಕೆಲಸ ನನ್ನದು. ಕಳೆದ ವಾರ ಒಬ್ಬ ಅಜ್ಜಿಯ ಅರ್ಜಿಗೆ ಅರ್ಧ ಗಂಟೆ ಕೂತೆ. ಎಲ್ಲ ತುಂಬಿ ಕೊನೆಗೆ ಸಬ್ಮಿಟ್ ಒತ್ತಿದರೆ ‘ಮಾಹಿತಿ ಸರಿಯಿಲ್ಲ’ ಅಂತ ಕೆಂಪಕ್ಷರದಲ್ಲಿ ಒಂದೇ ಸಾಲು ಬಂತು. ಯಾವ ಮಾಹಿತಿ? ಅದು ಇಲ್ಲ. ಮೇಲಿಂದ ಕೆಳಗೆ ಮತ್ತೆ ಮತ್ತೆ ನೋಡಿದ ಮೇಲೆ ಗೊತ್ತಾಯಿತು, ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್‌ನಲ್ಲಿ ಸೊನ್ನೆ ಇರಬೇಕಾದ ಕಡೆ ಇಂಗ್ಲಿಷ್‌ನ ಓ ಬಿದ್ದಿತ್ತು. ಅಷ್ಟೊತ್ತಿಗೆ ಅಜ್ಜಿಯ ಊರಿನ ಬಸ್ಸು ಹೋಗಿಯಾಗಿತ್ತು.

ಆ ಕೋಡ್‌ನಲ್ಲಿ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಹಾಗಿರುವಾಗ ಓ ಬಿದ್ದ ತಕ್ಷಣ ಪಕ್ಕದಲ್ಲೇ ‘ಇಲ್ಲಿ ಸೊನ್ನೆ ಬರಬೇಕು’ ಅಂತ ತೋರಿಸಬಹುದಲ್ವಾ? ಆಧಾರ್ ಕೂಡ ಹಾಗೇ. ಅದರ 12ನೇ ಅಂಕಿ ಹಿಂದಿನ 11 ಅಂಕಿಗಳನ್ನು ತಾಳೆ ನೋಡಲೆಂದೇ ಇಟ್ಟದ್ದು. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಲೆಕ್ಕ ಕೂಡುವುದಿಲ್ಲ, ಇಂಟರ್ನೆಟ್ ಇಲ್ಲದೆಯೂ ಕಂಪ್ಯೂಟರ್ ಅಲ್ಲೇ ಹೇಳಬಲ್ಲದು. ಕಾರ್ಡಿನಲ್ಲಿ ನಾಲ್ಕು ನಾಲ್ಕು ಅಂಕಿಗೆ ಜಾಗ ಬಿಟ್ಟಿರುತ್ತದೆ, ಹಾಗೇ ಟೈಪ್ ಮಾಡಿದರೆ ಆ ಜಾಗವನ್ನು ಫಾರಂ ತಾನೇ ತೆಗೆದುಹಾಕಲಿ.

ಹಾಗಂತ ಮೊದಲ ಅಂಕಿ ಒತ್ತುತ್ತಿದ್ದಂತೆ ‘12 ಅಂಕಿ ಇಲ್ಲ’ ಅಂತ ಗದರುವುದೂ ಬೇಡ. ಬರೆಯುವವರು ಬರೆದು ಮುಗಿಸಲಿ. ಹೊಸದಾಗಿ ಕಲಿಯುವವರು ಆ ಕೆಂಪು ಬಣ್ಣ ನೋಡಿಯೇ ಕೈ ತೆಗೆದುಬಿಡುತ್ತಾರೆ, ನಾನು ದಿನಾ ನೋಡುತ್ತೇನೆ.

ನನಗೆ ಜಾಸ್ತಿ ಬೇಸರ ಕನ್ನಡದ ಹೆಸರಿನ ವಿಷಯದಲ್ಲಿ. ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರ್ ಅಕ್ಷರ ಗುರುತಿಸುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಅದು ಏಳು ತುಂಡು: ನಾಲ್ಕು ವ್ಯಂಜನ, ಎರಡು ಒತ್ತಿನ ಗುರುತು, ಒಂದು ಗುಡಿಸು. ಕೆಲವು ಫಾರಂಗಳು ಒಂದೊಂದು ಕೀ ಒತ್ತಿದಾಗಲೂ ‘ಇದು ಅಕ್ಷರವೇ?’ ಅಂತ ನೋಡಿ, ಅಲ್ಲ ಅನಿಸಿದ್ದನ್ನು ಸುಮ್ನೆ ಬಿಟ್ಟುಬಿಡುತ್ತವೆ. ಒತ್ತು, ಗುಡಿಸು ಎರಡೂ ಅವುಗಳ ಲೆಕ್ಕದಲ್ಲಿ ಅಕ್ಷರವಲ್ಲ. ಕೊನೆಗೆ ಪರದೆ ಮೇಲೆ ಉಳಿಯುವುದು ‘ಲಕಷಮ’. ಒಬ್ಬ ಹೆಣ್ಣುಮಗಳ ಹೆಸರು ಅದು! ಸರಿ ಮಾಡಲು ಹೋದರೆ ಮತ್ತೆ ಅದೇ ಕಥೆ, ಬೇರೆ ಕಡೆ ಟೈಪ್ ಮಾಡಿ ತಂದು ಪೇಸ್ಟ್ ಮಾಡಿದರೆ ಮಾತ್ರ ಕೆಲವೊಮ್ಮೆ ಕೂರುತ್ತದೆ.

ಕನ್ನಡದಲ್ಲಿ ಎಷ್ಟೋ ಸಲ ಒಂದು ಅಕ್ಷರ ಆಗಲು ಎರಡು, ಮೂರು, ನಾಲ್ಕು ಅಥವಾ ಇನ್ನೂ ಹೆಚ್ಚು ಕೀ ಬೇಕು. ಆದ್ದರಿಂದ ಹೆಸರನ್ನು ಪೂರ್ತಿ ಬರೆದು ಮುಂದಿನ ಖಾನೆಗೆ ಹೋದ ಮೇಲೆ ಪರೀಕ್ಷಿಸಲಿ. ಸರ್ಕಾರಿ ಕೆಲಸಕ್ಕೆ ತಂತ್ರಾಂಶ ಮಾಡುವವರಲ್ಲಿ ನನ್ನದೊಂದು ವಿನಂತಿ: ಜನರಿಗೆ ಕೊಡುವ ಮೊದಲು ಕೃಷ್ಣ, ಲಕ್ಷ್ಮಿ, ಜ್ಯೋತ್ಸ್ನಾ ಈ ಮೂರು ಹೆಸರನ್ನು ನೀವೇ ಕೀಬೋರ್ಡ್‌ನಲ್ಲಿ ಒಮ್ಮೆ ಬರೆದು ನೋಡಿ.

– ಕಂಪ್ಯೂಟರ್ ಸೆಂಟರ್ ನಡೆಸುವ ಒಬ್ಬ ಓದುಗ