ವಯಸ್ಕರ ಡೈಪರ್: ಬೆಲೆ ಇಳಿದರೆ ಸಾಲದು, ಅಳತೆಯೂ ಹೊಂದಬೇಕು

ಮಾನ್ಯ ಸಂಪಾದಕರೇ,

ಮಕ್ಕಳ ನ್ಯಾಪ್‌ಕಿನ್ ಹಾಗೂ ಕ್ಲಿನಿಕಲ್ ಡೈಪರ್‌ಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿರುವುದು ವಯಸ್ಸಾದವರನ್ನು ಮನೆಯಲ್ಲಿ ನೋಡಿಕೊಳ್ಳುವ ಕುಟುಂಬಗಳಿಗೆ ಸಮಾಧಾನದ ಸಂಗತಿ. ಆದರೆ ಬೆಲೆಯ ಮಾತು ಮುಗಿದ ಮೇಲೂ ಒಂದು ದೂರು ಹಾಗೆಯೇ ಉಳಿದಿದೆ. ನಮ್ಮ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ವಯಸ್ಕರ ಡೈಪರ್‌ಗಳಲ್ಲಿ ಹೆಚ್ಚಿನವು ಹಾಸಿಗೆ ಹಿಡಿದವರಿಗೆಂದೇ ಕತ್ತರಿಸಿದಂತಿವೆ. ಎದ್ದು ಓಡಾಡುವ, ನೆಲದ ಮೇಲೆ ಕೂರುವ, ನಾಲ್ಕು ಜನರ ನಡುವೆ ಹೋಗಿಬರುವ ಹಿರಿಯರು ಅವುಗಳನ್ನು ತಯಾರಿಸಿದವರ ಕಣ್ಣಿಗೆ ಬಿದ್ದಂತಿಲ್ಲ. ಹೆರಿಗೆಗಳಾಗಿ, ಮುಟ್ಟು ನಿಂತ ಮೇಲೆ ಕೆಮ್ಮಿದರೆ ಸೀನಿದರೆ ಮೂತ್ರ ಜಾರುವ ಹೆಂಗಸರು, ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದ ಗಂಡಸರು, ಪಾರ್ಕಿನ್ಸನ್ ರೋಗವಿದ್ದರೂ ಕೋಲೂರಿ ನಡೆಯುವವರು, ಇವರಲ್ಲಿ ಬಹುಪಾಲು ಜನ ಹಾಸಿಗೆ ಹಿಡಿದವರಲ್ಲ.

ನಾನು ಬಹುಕಾಲ ಹೊಲಿಗೆ ಕೆಲಸ ಮಾಡಿ, ಅದನ್ನೇ ಕಲಿಸಿದವನು; ಆದ್ದರಿಂದ ಮೊದಲು ನನ್ನ ಕಣ್ಣು ಹೋಗುವುದು ಕಟಿಂಗ್ ಮೇಲೆ. ಪೊಟ್ಟಣದ ಮೇಲೆ ಸಾಮಾನ್ಯವಾಗಿ ಇರುವುದು ಸೊಂಟದ ಸುತ್ತಳತೆ ಒಂದೇ. ಬರೀ ಸೊಂಟದ ಅಳತೆ ಕೊಟ್ಟು ಪ್ಯಾಂಟ್ ಹೊಲಿಯಿರಿ ಎಂದರೆ ಯಾವ ದರ್ಜಿಯೂ ಕತ್ತರಿ ಎತ್ತುವುದಿಲ್ಲ, ಸೀಟು ಮತ್ತು ತೊಡೆಯ ಅಳತೆ ಕೇಳಿಯೇ ಕೇಳುತ್ತಾನೆ. ವಯಸ್ಸಾದ ಮೈಯಲ್ಲಂತೂ ಈ ಅಳತೆಗಳು ಒಂದರ ಜೊತೆ ಒಂದು ಹೋಗುವುದೇ ಇಲ್ಲ. ಹೊಟ್ಟೆ ಮುಂದೆ ಬಂದಿರುತ್ತದೆ, ತೊಡೆ ಕರಗಿ ಜೋತುಬಿದ್ದಿರುತ್ತದೆ. ಹೊಟ್ಟೆಗೆ ಹೊಂದಲೆಂದು ಎಕ್ಸ್‌ಎಲ್ ತಂದರೆ ತೊಡೆಯ ಸಂದಿನಲ್ಲಿ ಎರಡು ಬೆರಳು ತೂರುವಷ್ಟು ಜಾಗ ಬಿಡುತ್ತದೆ, ಸೋರುವುದು ಅಲ್ಲಿಂದಲೇ. ಮನೆಯವರು ಅದನ್ನು ತಡೆಯಲು ಸೊಂಟದ ಟೇಪನ್ನು ಇನ್ನಷ್ಟು ಬಿಗಿದು ಅಂಟಿಸುತ್ತಾರೆ. ಸೋರುವುದು ನಿಲ್ಲುವುದಿಲ್ಲ, ಹೊಟ್ಟೆಯ ಮೇಲೆ ಕೆಂಪು ಬರೆ ಮಾತ್ರ ಏಳುತ್ತದೆ. ಕೊನೆಗೆ ‘ಈ ಕಂಪನಿಯ ಮಾಲು ಸರಿಯಿಲ್ಲ’ ಎಂದು ಇನ್ನೊಂದಕ್ಕೆ ಹೋಗುತ್ತಾರೆ, ಅಲ್ಲೂ ಅದೇ ಕಥೆ.

ಕೂರುವ ರೀತಿಯನ್ನೂ ಗಮನಿಸಬೇಕು. ಕುರ್ಚಿಯಲ್ಲಿ ಕೂತಾಗ ತೊಡೆಗಳು ಮುಂದಕ್ಕೆ ನೇರವಾಗಿರುತ್ತವೆ. ಪೂಜೆಗೋ ಪಂಕ್ತಿಯ ಊಟಕ್ಕೋ ಚಕ್ಕಳಮಕ್ಕಳ ಹಾಕಿ ಕೂತಾಗ ತೊಡೆ ಹೊರಕ್ಕೆ ಹೊರಳುತ್ತದೆ, ಕಾಲಿನ ಸುತ್ತ ಇರುವ ಎಲಾಸ್ಟಿಕ್ ಅಂಚು ಒಳತೊಡೆಯಿಂದ ಮೇಲೆದ್ದು ಬಾಯಿ ಬಿಡುತ್ತದೆ. ನೆಲದ ಮೇಲೆ ಕೂರುವ ಜನರಿಗೆ ಮಾರುವ ವಸ್ತುವನ್ನು ನೆಲದ ಮೇಲೆ ಕೂರಿಸಿಯೇ ಪರೀಕ್ಷಿಸಬೇಕೆಂಬುದು ದೊಡ್ಡ ಸಂಶೋಧನೆಯೇನಲ್ಲ.

ನೋಟದ ಮಾತನ್ನು ಅನೇಕರು ಷೋಕಿಯೆಂದು ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ಹೊರಪದರ ಪ್ಲಾಸ್ಟಿಕ್ ಹಾಳೆಯದಾಗಿದ್ದರೆ ಹೆಜ್ಜೆ ಇಟ್ಟಾಗಲೆಲ್ಲ ಸರಸರ ಸದ್ದಾಗುತ್ತದೆ. ತೆಳು ಪಂಚೆಯ ಹಿಂದೆ ಅದರ ಉಬ್ಬು ಎದ್ದು ಕಾಣುತ್ತದೆ. ಸೀರೆ ಉಡುವವರ ಕಷ್ಟ ಬೇರೆ. ಲಂಗದ ಲಾಡಿ ಸರಿಯಾಗಿ ಮೇಲಿನ ಟೇಪಿನ ಮೇಲೆಯೇ ಬಂದು ಕೂರುವುದರಿಂದ ಪ್ಲಾಸ್ಟಿಕ್ ಅಂಚು ಚರ್ಮಕ್ಕೆ ಒತ್ತುತ್ತದೆ, ಲಾಡಿ ಸಡಿಲಿಸಿದರೆ ಸೀರೆ ನಿಲ್ಲುವುದಿಲ್ಲ. ಸದ್ದು ಮಾಡದ, ಬಟ್ಟೆಯಂತಹ ಹೊರಪದರದ, ಚಡ್ಡಿಯ ಹಾಗೆ ಏರಿಸಿಕೊಳ್ಳುವ ಮಾದರಿಗಳು ಇವೆ, ಆದರೆ ಬೆಲೆ ಹೆಚ್ಚು. ಚಿಕ್ಕ ಊರುಗಳಲ್ಲಿ ಕೇಳಿದರೆ ‘ಅದು ಇಲ್ಲ, ಇದನ್ನೇ ಒಯ್ಯಿರಿ’ ಎನ್ನುತ್ತಾರೆ. ನಾಚಿಕೆಯಿಂದ ಹಿರಿಯರು ಮದುವೆ ಮುಂಜಿ ಬಿಡುತ್ತಾರೆ, ಬಸ್ ಪ್ರಯಾಣ ಬಿಡುತ್ತಾರೆ, ಹೊರಡಲೇಬೇಕಾದ ದಿನ ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಉರಿ, ಸೋಂಕು ಹೆಚ್ಚುವ ಅಪಾಯವನ್ನು ವೈದ್ಯರು ಹೇಳುತ್ತಲೇ ಇರುತ್ತಾರೆ.

ಜಾಹೀರಾತಿನ ನೀಲಿ ನೀರನ್ನೂ ನಂಬುವಂತಿಲ್ಲ. ಡೈಪರ್‌ನ ಒಳಗೆ ದ್ರವವನ್ನು ಹಿಡಿದಿಡುವುದು ಮರದ ತಿರುಳಿನ ನಾರು ಮತ್ತು ಸೋಡಿಯಂ ಪಾಲಿಆಕ್ರಿಲೇಟ್ ಎಂಬ ಹರಳುಪುಡಿ. ಈ ಪುಡಿ ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ, ಆದರೆ ಮೂತ್ರದಲ್ಲಿ ಉಪ್ಪಿರುವುದರಿಂದ ಆ ಸಾಮರ್ಥ್ಯ ಹತ್ತಾರು ಪಟ್ಟಿಗೆ ಇಳಿಯುತ್ತದೆ. ಮೇಲೆ ಮನುಷ್ಯನ ಭಾರ ಬಿದ್ದರೆ ಇನ್ನೂ ಕುಗ್ಗುತ್ತದೆ. ಹೀರುವ ಪ್ರಮಾಣವನ್ನು ಅಳೆಯುವ ಐಎಸ್‌ಒ 11948 ಎಂಬ ಅಂತರರಾಷ್ಟ್ರೀಯ ಮಾನಕದ ಪರೀಕ್ಷೆಯಲ್ಲಿಯೂ ಡೈಪರನ್ನು ದ್ರವದಲ್ಲಿ ಮುಳುಗಿಸಿ, ಬಸಿದು ತೂಗುತ್ತಾರೆ. ಅಲ್ಲಿ ಸಿಗುವ ಅಂಕಿಯಷ್ಟನ್ನು ಉಟ್ಟವರ ಮೈಮೇಲೆ ನಿರೀಕ್ಷಿಸಲಾಗದು. ಹೀರುವ ಪದರ ಎಲ್ಲಿದೆ ಎಂಬುದೂ ಮುಖ್ಯ: ಗಂಡಸರಿಗೆ ಅದು ಮುಂಭಾಗದಲ್ಲಿ ದಪ್ಪವಿರಬೇಕು, ಹೆಂಗಸರಿಗೆ ನಡುಭಾಗದಲ್ಲಿ. ಇಬ್ಬರಿಗೂ ಒಂದೇ ಎಂದು ಮಾರುವುದರಲ್ಲಿ ಅನುಕೂಲವಿರುವುದು ತಯಾರಕರಿಗೆ ಮಾತ್ರ.

ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವಾಗ ಗಾಳಿಯಾಡದ ಹೊರಪದರ ಕಟ್ಟಿಕೊಂಡು ಕೂರುವುದು ಶಿಕ್ಷೆಯೇ ಸರಿ. ಚರ್ಮ ಸಹಜವಾಗಿ ತುಸು ಆಮ್ಲೀಯ. ಒದ್ದೆಯಲ್ಲಿ ಅಮೋನಿಯಾ ಹುಟ್ಟಿ ಆ ಗುಣ ಕೆಟ್ಟಾಗ ತೊಡೆಸಂದಿ ಕೆಂಪಾಗಿ ಸುಲಿಯುತ್ತದೆ. ಪ್ಲಾಸ್ಟಿಕ್‌ಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೆರೆಸಿ ಹಿಗ್ಗಿಸಿದರೆ ಕಣ್ಣಿಗೆ ಕಾಣದ ರಂಧ್ರಗಳಾಗಿ, ಆವಿ ಹೊರಹೋಗಿ ದ್ರವ ಒಳಗೇ ನಿಲ್ಲುತ್ತದೆ. ಇದು ಹಳೆಯ ತಂತ್ರ, ಮಕ್ಕಳ ಡೈಪರ್‌ಗಳಲ್ಲಿ ಎಂದೋ ಬಂದಿದೆ.

ಜಪಾನ್‌ನಲ್ಲಿ ಓಜಿ ಹೋಲ್ಡಿಂಗ್ಸ್ ಎಂಬ ಕಂಪನಿ 2024ರಲ್ಲಿ ಆ ದೇಶದ ಮಾರುಕಟ್ಟೆಗೆ ಮಕ್ಕಳ ಡೈಪರ್ ತಯಾರಿಸುವುದನ್ನೇ ನಿಲ್ಲಿಸಿ ವಯಸ್ಕರದ್ದಕ್ಕೆ ಒತ್ತು ಕೊಡುವುದಾಗಿ ಘೋಷಿಸಿತು. 2011ರ ಜನಗಣತಿಯ ವೇಳೆಗೇ ನಮ್ಮ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ಇಷ್ಟು ದೊಡ್ಡ ಗಿರಾಕಿ ಸಮೂಹ ಇರುವಾಗ ತಯಾರಕರು ನಮ್ಮ ಮೈಕಟ್ಟು ಮತ್ತು ಉಡುಗೆಗೆ ತಕ್ಕ ಮಾದರಿ ಮಾಡಲು ಹಿಂಜರಿಯಬೇಕಾಗಿಲ್ಲ. ಸೊಂಟದ ಜೊತೆ ಸೀಟು ಮತ್ತು ತೊಡೆಯ ಅಳತೆಯನ್ನು, ಹೊರಪದರ ಗಾಳಿಯಾಡುತ್ತದೋ ಇಲ್ಲವೋ ಎಂಬುದನ್ನು ಪೊಟ್ಟಣದ ಮೇಲೆ ಕನ್ನಡದಲ್ಲೂ ಮುದ್ರಿಸುವುದನ್ನು ಭಾರತೀಯ ಮಾನಕ ಬ್ಯೂರೋ ಕಡ್ಡಾಯ ಮಾಡಲಿ. ಬಳಸಿದ ಡೈಪರ್ ಸುತ್ತಿ ಎಸೆಯಲು ತಯಾರಕರು ಹೊದಿಕೆ ಒದಗಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ನಾನು ಕೊಂಡ ಪೊಟ್ಟಣಗಳಲ್ಲಿ ಅದು ಸಿಕ್ಕಿಲ್ಲ, ಮನೆಮನೆಗಳಲ್ಲಿ ಇಂದಿಗೂ ಹಳೆಯ ಪತ್ರಿಕೆಯೇ ಗತಿ.

ಇದೆಲ್ಲ ಆಗುವವರೆಗೆ ತಯಾರಕರು ತಕ್ಷಣವೇ ಮಾಡಬಹುದಾದ ಕೆಲಸವೊಂದಿದೆ. ಹತ್ತರ ಪೊಟ್ಟಣ ತಂದು ಮೊದಲನೆಯದೇ ಹೊಂದದಿದ್ದರೆ, ಒಡೆದ ಪೊಟ್ಟಣವನ್ನು ಯಾವ ಅಂಗಡಿಯವರೂ ವಾಪಸ್ ಪಡೆಯುವುದಿಲ್ಲ, ಉಳಿದ ಒಂಬತ್ತೂ ದಂಡ. ಪ್ರತಿ ಸೈಜಿನಲ್ಲೂ ಎರಡೆರಡರ ಚಿಕ್ಕ ಪೊಟ್ಟಣವನ್ನು, ಅಳತೆಯ ಕೋಷ್ಟಕ ಸಹಿತ, ತಾಲ್ಲೂಕು ಮಟ್ಟದ ಅಂಗಡಿಗಳಿಗೂ ತಲುಪಿಸಲಿ.

— ನಿವೃತ್ತ ಹೊಲಿಗೆ ಶಿಕ್ಷಕ, ಧಾರವಾಡ