ವಿಷಯ: ಗ್ರಿಡ್ ಕಂಟ್ರೋಲ್ 2,980ನೇ ಸಾಲಿಗೆ ಹೋಗದೆ ಮೊದಲ ಸಾಲಿಗೆ ಜಿಗಿಯುವ ದೋಷ – ನಾಲ್ಕನೇ ದೂರು

ಇವರಿಗೆ,
ಮುಖ್ಯಸ್ಥರು, ತಾಂತ್ರಿಕ ಬೆಂಬಲ ವಿಭಾಗ

ಮಾನ್ಯರೇ,

ನಿಮ್ಮ ಗ್ರಿಡ್ ಕಂಟ್ರೋಲ್ (ನಮ್ಮ ತಂತ್ರಾಂಶದಲ್ಲಿ ಮಾಹಿತಿಯನ್ನು ಸಾಲುಸಾಲಾಗಿ ಪಟ್ಟಿಮಾಡಿ ತೋರಿಸುವ ಘಟಕ) ಬಗ್ಗೆ ಕೊಟ್ಟ ಹಿಂದಿನ ಮೂರು ದೂರುಗಳನ್ನೂ ‘ಬಗೆಹರಿದಿದೆ’ ಎಂದು ಬರೆದು ಮುಚ್ಚಿದ್ದೀರಿ. ದೋಷ ಇದ್ದ ಹಾಗೇ ಇದೆ. ಗ್ರಾಹಕರು ಒಪ್ಪುವವರೆಗೆ ದೂರು ಮುಚ್ಚುವಂತಿಲ್ಲ ಎಂಬ ಷರತ್ತು ನಿಮ್ಮದೇ ಬೆಂಬಲ ಒಪ್ಪಂದದಲ್ಲಿದೆ. ಅದನ್ನು ನಾವು ಓದಿ ಹೇಳಬೇಕಾಗಿಲ್ಲ.

ನಮ್ಮದು ವಿಂಡೋಸ್ ಫಾರ್ಮ್ಸ್ (ಡೆಸ್ಕ್‌ಟಾಪ್ ತಂತ್ರಾಂಶ ಕಟ್ಟುವ ಮೈಕ್ರೋಸಾಫ್ಟ್ ಚೌಕಟ್ಟು) ಅಪ್ಲಿಕೇಶನ್, ಪಟ್ಟಿಯಲ್ಲಿ 4,200 ಸಾಲು, ಸಾಲಿನ ಎತ್ತರ 22 ಪಿಕ್ಸೆಲ್. ಕೋಡ್‌ನಿಂದ 2,979ನೇ ಸಾಲಿಗೆ ಕಳಿಸಿದರೆ ಸರಿಯಾಗಿ ಹೋಗುತ್ತದೆ. 2,980 ಎಂದು ಕೊಟ್ಟರೆ ಪಟ್ಟಿ ಮೊದಲ ಸಾಲಿಗೆ ಬಂದು ನಿಲ್ಲುತ್ತದೆ. ಆ ಸಾಲಿನ ಮೇಲೆ 2,979 ಸಾಲುಗಳಿವೆ. 22ರಿಂದ ಗುಣಿಸಿದರೆ 65,538 ಪಿಕ್ಸೆಲ್; ಪಟ್ಟಿ ಸರಿಯಬೇಕಾದ ಸ್ಥಾನ ಇದು. ನಿಮ್ಮ ಕಂಟ್ರೋಲ್ ತನಗೆ ತಾನೇ ಡಬ್ಲ್ಯುಎಂ_ವಿಸ್ಕ್ರೋಲ್ (ಮೇಲೆ ಕೆಳಗೆ ಸರಿಯಲು ಹೇಳುವ ವಿಂಡೋಸ್ ಸೂಚನೆ) ಮೆಸೇಜ್ ಕಳಿಸಿಕೊಳ್ಳುವುದು, ಇಂಥ ಮೆಸೇಜ್ ತೋರಿಸುವ ಸಾಧನವಾದ ಸ್ಪೈ++ನಲ್ಲಿ ಕಾಣುತ್ತದೆ. ಆ ಮೆಸೇಜ್‌ನಲ್ಲಿ ಸ್ಥಾನಕ್ಕಿರುವ ಜಾಗ 16 ಬಿಟ್, ಅಂದರೆ 65,535ರವರೆಗೆ ಮಾತ್ರ. ಅದನ್ನು ಮೀರಿದರೆ ಮೇಲಿನ ಬಿಟ್ ಕತ್ತರಿಸಿ ಹೋಗುತ್ತದೆ, ಅಂದರೆ 65,536 ಕಳೆದು 2 ಉಳಿಯುತ್ತದೆ. ಪಟ್ಟಿ ಎರಡೇ ಪಿಕ್ಸೆಲ್ ಸರಿಯುತ್ತದೆ.

ಸ್ಕ್ರೋಲ್ ಬಾರ್ ಎಳೆಯುವಾಗಲೂ ಇದೇ ಗತಿ. ಅಲ್ಲಿ ಮೆಸೇಜ್‌ನ ಸಂಖ್ಯೆಯನ್ನು ನಂಬದೆ ಗೆಟ್‌ಸ್ಕ್ರೋಲ್‌ಇನ್ಫೋ ಎಂಬ ವಿಂಡೋಸ್ ಫಂಕ್ಷನ್ ಕರೆದು 32 ಬಿಟ್‌ನ ಟ್ರ್ಯಾಕ್ ಸ್ಥಾನ (ಎಳೆಯುತ್ತಿರುವ ಬಾರ್ ಆ ಕ್ಷಣ ಇರುವ ಜಾಗ) ತೆಗೆದುಕೊಳ್ಳಬೇಕು. ಕೋಡ್‌ನಿಂದ ಸರಿಸುವಾಗ ಮೆಸೇಜ್ ಬೇಕಾಗಿಯೇ ಇಲ್ಲ: ಸೆಟ್‌ಸ್ಕ್ರೋಲ್‌ಇನ್ಫೋ ಎಂಬ ಇನ್ನೊಂದು ಫಂಕ್ಷನ್‌ನಿಂದ ಬಾರ್ ಸರಿಸಿ, ಒಳಗಿನ ಸಾಲುಗಳನ್ನು ಹೊಸ ಸ್ಥಾನದಿಂದ ಮತ್ತೆ ಬರೆಯಬೇಕು. ಬಾರ್ ಸರಿಸಿದ ಮಾತ್ರಕ್ಕೆ ಸಾಲುಗಳು ತಾವಾಗಿ ಸರಿಯುವುದಿಲ್ಲ.

ಇಷ್ಟನ್ನೂ ಕಳೆದ ಗುರುವಾರದ ಕರೆಯಲ್ಲಿ ಹೇಳಿದೆವು. ನಿಮ್ಮ ಎಂಜಿನಿಯರ್ ಕೇಳಿದ ಮೊದಲ ಪ್ರಶ್ನೆ: “ಮೌಸ್ ಬದಲಾಯಿಸಿ ನೋಡಿದ್ರಾ ಸರ್?” ಮೌಸ್ ಮುಟ್ಟಿಲ್ಲ, ಇದು ಕೋಡ್‌ನಿಂದ ಆಗುತ್ತಿದೆ ಎಂದೆವು. “ಹಾಗಾದ್ರೆ ಡ್ರೈವರ್ ಅಪ್‌ಡೇಟ್ ಮಾಡಿ.” ಸ್ಕ್ರೀನ್ ಹಂಚಿಕೊಂಡು 2,979 ಕೊಟ್ಟು ತೋರಿಸಿದೆವು, 2,980 ಕೊಟ್ಟು ತೋರಿಸಿದೆವು. ಮತ್ತೊಮ್ಮೆ ತೋರಿಸಿ ಎಂದರು, ತೋರಿಸಿದೆವು. “ಇಷ್ಟೊಂದು ಸಾಲು ಯಾಕೆ ಹಾಕ್ತೀರಿ? ಎರಡು ಸಾವಿರಕ್ಕೆ ನಿಲ್ಲಿಸಿ” ಎಂದರು. ಹತ್ತು ಲಕ್ಷ ಸಾಲನ್ನೂ ತಾಳಿಕೊಳ್ಳುತ್ತದೆ ಎಂದು ಬರೆದೇ ನೀವು ಇದನ್ನು ಮಾರಿದ್ದು ಎಂದು ನೆನಪಿಸಿದಾಗ ಬಂದ ಉತ್ತರ: “ನಿಮ್ಮಲ್ಲಿ ಪ್ರೋಗ್ರಾಮಿಂಗ್ ಗೊತ್ತಿರೋರು ಯಾರಾದ್ರೂ ಇದ್ರೆ ಫೋನ್ ಕೊಡಿ.” ಐದು ಜನ ಡೆವಲಪರ್‌ಗಳು ಆ ಕರೆಯಲ್ಲಿದ್ದರು. ಈ ಮಾತಿಗೆ ಲಿಖಿತ ಕ್ಷಮೆ ಬೇಕು.

ಇನ್ನೊಂದು ದೋಷ, ‘ಸ್ಥಾನ ನೆನಪಿಡು’ ಆಯ್ಕೆಯದು. ರಿಫ್ರೆಶ್ ಮಾಡಿದೊಡನೆ ಪಟ್ಟಿ ಮೇಲಕ್ಕೆ ಹೋಗುತ್ತದೆ. ಆಟೋಸ್ಕ್ರೋಲ್‌ಪೊಸಿಷನ್ (ಪಟ್ಟಿ ಎಷ್ಟು ಸರಿದಿದೆ ಎಂದು ಹೇಳುವ ಪ್ರಾಪರ್ಟಿ) ಓದುವಾಗ, ಉದಾಹರಣೆಗೆ, -464 ಎಂದು ಋಣ ಸಂಖ್ಯೆ ಕೊಡುತ್ತದೆ, ಬರೆಯುವಾಗ 464 ಎಂದು ಧನ ಸಂಖ್ಯೆ ಕೇಳುತ್ತದೆ. ನೀವು ಓದಿದ್ದನ್ನೇ ವಾಪಸ್ ಬರೆಯುತ್ತಿದ್ದೀರಿ, ಅದು ಸೊನ್ನೆಯಾಗುತ್ತದೆ. ಚಿಹ್ನೆ ಸರಿಪಡಿಸಿದರೂ ಸಾಲದು. ಸಾಲುಗಳು ತುಂಬುವ ಮೊದಲೇ ಬರೆದರೆ ಸರಿಯಲು ಜಾಗವೇ ಇರುವುದಿಲ್ಲ, ಆಗಲೂ ಸೊನ್ನೆಯೇ. ಲೆಕ್ಕಪತ್ರ ವಿಭಾಗದವರು ಒಂದು ವೋಚರ್ ನೋಡುತ್ತಾ ಇನ್ನೊಂದನ್ನು ತಿದ್ದುವಂತಾಗುವುದು ಇದರಿಂದಲೇ.

ಎರಡೂ ದೋಷ ತೋರಿಸುವ ಪ್ರಾಜೆಕ್ಟ್ ಲಗತ್ತಿಸಿದೆ. ಇನ್ನು ಕರೆ ಬೇಡ. ಹದಿನೈದು ದಿನದೊಳಗೆ ಸರಿಪಡಿಸಿದ ಆವೃತ್ತಿ ಬರದಿದ್ದರೆ ನಮ್ಮ ಮೂರೂ ತಂತ್ರಾಂಶಗಳಿಂದ ನಿಮ್ಮ ಕಂಟ್ರೋಲ್ ಕಿತ್ತು ಹಾಕುತ್ತೇವೆ. ಈ ವರ್ಷದ ಲೈಸೆನ್ಸ್ ಹಣ, ಕಿತ್ತುಹಾಕಲು ತಗಲುವ ಖರ್ಚು ಎರಡನ್ನೂ ಕೇಳಿ ನಮ್ಮ ವಕೀಲರ ನೋಟಿಸ್ ಹದಿನಾರನೇ ದಿನ ನಿಮ್ಮ ಕಚೇರಿಗೆ ಬರುತ್ತದೆ.

ಇತಿ,
ಡೆಸ್ಕ್‌ಟಾಪ್ ತಂತ್ರಾಂಶ ತಂಡ